ಬಾಡಿಗೆ ಮನೆಯ ಸಣ್ಣ ರೂಮಲ್ಲಿ ಜಿಮ್: ಮಾಡಿಕೊಂಡವರು ಅನುಭವ ಹೇಳಿ

ವಿದ್ಯಾರಣ್ಯಪುರ (ಕೇಳಿದವರು):
ಮೂರನೇ ಮಹಡಿ, 2 ಬಿಎಚ್‌ಕೆ, ಬಾಡಿಗೆ ಮನೆ. ಚಿಕ್ಕ ರೂಮು 9x10 ಅಡಿ, ಬೀರು ಕೂಡ ಅಲ್ಲೇ ಇದೆ. ಗೋಡೆಗೆ ಡ್ರಿಲ್ ಮಾಡಬಾರದು ಅಂತ ಓನರ್ ಕರಾರಿನಲ್ಲೇ ಬರೆಸಿದ್ದಾರೆ. ನಾನು, ನನ್ನ ಹೆಂಡತಿ ಇಬ್ಬರೂ ವ್ಯಾಯಾಮ ಮಾಡಬೇಕು. ಬಜೆಟ್ 40,000. ಏನು ತಗೋಬೇಕು, ಏನು ಬಿಡಬೇಕು?

ನಾಗರಬಾವಿ:
ಟ್ರೆಡ್‌ಮಿಲ್ ಮಾತ್ರ ಬೇಡ. ನನ್ನ ಲೆಕ್ಕ ಕೇಳಿ. ಮಿಷನ್ 38,500. ಲಿಫ್ಟ್‌ನಲ್ಲಿ ಹಿಡಿಸಲಿಲ್ಲ, ಮೆಟ್ಟಿಲಲ್ಲಿ ಹೊತ್ತು ತಂದವರಿಗೆ 1,500. ರೂಮಲ್ಲಿ ಇದ್ದದ್ದು 6 ಆಂಪಿಯರ್ ಪಾಯಿಂಟು. 16 ಆಂಪಿಯರ್ ಲೈನ್ ಎಳೆಸಲು 2,800. ಸ್ಟೆಬಿಲೈಸರ್ 3,600. ಪೆಟ್ಟಿಗೆ ಮೇಲೆ 4 ಎಚ್‌ಪಿ ಅಂತ ದಪ್ಪ ಅಕ್ಷರದಲ್ಲಿತ್ತು. ಅದು ಪೀಕ್, ಒಂದು ಕ್ಷಣ ಬಂದು ಹೋಗುವ ಶಕ್ತಿ. ಮೋಟರ್ ಒಂದೇ ಸಮ ಓಡುವಾಗ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಮಾರಿದವರು ಇದರ ಬಗ್ಗೆ ಬಾಯಿ ಬಿಡಲಿಲ್ಲ. ನಾನು 92 ಕೆಜಿ. ವಾರಂಟಿ ಮುಗಿದ ಮೇಲೆ ಕಂಟ್ರೋಲ್ ಬೋರ್ಡ್ ಸುಟ್ಟಿತು, 9,400. ಮೆಕ್ಯಾನಿಕ್ ಬಂದು ನೋಡಿದ್ದಕ್ಕೇ ಬೇರೆ 600. ಮೋಟರಿಗೆ ಇನ್ನೂ ವಾರಂಟಿ ಇತ್ತಂತೆ, ಬೋರ್ಡಿಗೆ ಮುಗಿದಿತ್ತಂತೆ! ಕೊನೆಗೆ 11,000ಕ್ಕೆ ಕೊಟ್ಟೆ. ಕೆಳಗೆ ಇಳಿಸುವ ಕೂಲಿಯೂ ನನ್ನ ತಲೆಗೇ ಬಂತು.

ರಾಜಾಜಿನಗರ:
ಅದಕ್ಕೇ ಕಬ್ಬಿಣ ತಗೋಬೇಕು ಅನ್ನೋದು. ಎರಡೂ ತುದಿಗೆ ಭಾರದ ಪ್ಲೇಟ್ ಹಾಕಿ ಎತ್ತುವ ಒಲಿಂಪಿಕ್ ಬಾರ್ 7 ಅಡಿ, ಅದೊಂದೇ 20 ಕೆಜಿ. ಪ್ಲೇಟ್ ಹಾಕಿ ತೆಗೆಯಲು ಎರಡೂ ಕಡೆ ಜಾಗ ಬೇಕು, ಸಣ್ಣ ರೂಮಲ್ಲಿ ಆಗಲ್ಲ. ನಾನು 5 ಅಡಿಯದು ತಗೊಂಡೆ. ಬಾರ್ ಇಡುವ ಸ್ಕ್ವಾಟ್ ಸ್ಟ್ಯಾಂಡ್ 7,500, ಬೆಂಚ್ 6,200, ರಬ್ಬರ್ ಪ್ಲೇಟ್ ಕೆಜಿಗೆ 130ರಂತೆ 80 ಕೆಜಿ. ಕೆಳಗೆ 20 ಎಂಎಂ ರಬ್ಬರ್ ಟೈಲ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಸೆಟ್ ಕಡೆ ತಿರುಗಿಯೂ ನೋಡಬೇಡಿ, ಪ್ಲಾಸ್ಟಿಕ್ ಒಳಗೆ ಸಿಮೆಂಟ್ ತುಂಬಿರುತ್ತಾರೆ. ನನ್ನ ತಮ್ಮನದು ಅಂಚು ಸೀಳಿ ರೂಮೆಲ್ಲ ಪುಡಿ. ನನ್ನದು ಇವತ್ತಿಗೂ ಹೊಸದರ ಹಾಗಿದೆ. ಡೆಡ್‌ಲಿಫ್ಟ್, ಅಂದರೆ ನೆಲದಿಂದ ಬಾರ್ ಎತ್ತಿ ಇಳಿಸುವುದು ಕೂಡ ಮನೆಯಲ್ಲೇ.

ಬಸವೇಶ್ವರನಗರ:
ಕೆಳಗಿನ ಮನೆಯವರನ್ನು ಒಂದು ಮಾತು ಕೇಳಿದ್ದೀರಾ? ನಮ್ಮ ಮೇಲಿನ ಮನೆಯವರದ್ದೂ ಡೆಡ್‌ಲಿಫ್ಟೇ, ಬೆಳಿಗ್ಗೆ ಐದೂವರೆಗೆ. ಒಂದೊಂದು ಸಲ ಬಾರ್ ಇಟ್ಟಾಗಲೂ ಷೋಕೇಸಿನ ಗಾಜು ಅದುರುತ್ತದೆ. ನಮ್ಮತ್ತೆಗೆ ಬಿಪಿ, ಬೆಚ್ಚಿ ಎದ್ದು ಕೂರುತ್ತಾರೆ. ಅಸೋಸಿಯೇಷನ್‌ಗೆ ಬರೆದು ಕೊಟ್ಟೆವು, ನೀವು ನೀವೇ ಮಾತಾಡಿಕೊಳ್ಳಿ ಅಂದರು. ನಿಮ್ಮ ರಬ್ಬರ್ ಟೈಲ್ ನಿಮ್ಮ ನೆಲ ಉಳಿಸುತ್ತದೆ, ನಮ್ಮ ನಿದ್ದೆಯನ್ನಲ್ಲ.

ರಾಜಾಜಿನಗರ:
ಅವರ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ? ನಾನು ಬಾರ್ ಬಿಸಾಡುವವನಲ್ಲ. ಇಷ್ಟು ಭಾರಕ್ಕೆ ತಾರಸಿ ಅದುರಿದರೆ ಅದು ಬಿಲ್ಡರ್ ತಪ್ಪು.

ತುಮಕೂರು:
ನಾನು ಸಿವಿಲ್ ಎಂಜಿನಿಯರ್. ಕಟ್ಟಡ ತಡೆಯಬೇಕಾದ ಭಾರ ಹೇಳುವ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದಲ್ಲಿ ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಲೈವ್ ಲೋಡ್ (ಜನ, ಸಾಮಾನಿನ ಭಾರ) ಹಿಡಿಯುತ್ತಾರೆ, ಸುಮಾರು 200 ಕೆಜಿ. ನಿಧಾನವಾಗಿ ಇಟ್ಟ 80–90 ಕೆಜಿ ಸರಿಯಾಗಿ ಕಟ್ಟಿದ ಸ್ಲ್ಯಾಬಿಗೆ ಏನೂ ಅಲ್ಲ. ಎತ್ತರದಿಂದ ಬಿಟ್ಟರೆ ಲೆಕ್ಕವೇ ಬೇರೆ. ಆದರೆ ಸದ್ದಿನ ವಿಷಯದಲ್ಲಿ ಬಸವೇಶ್ವರನಗರದ ಮೇಡಂ ಹೇಳಿದ್ದು ಸರಿ. ಬಡಿತ ಸ್ಲ್ಯಾಬಿನೊಳಗಿಂದಲೇ ಕೆಳಗಿಳಿಯುತ್ತದೆ, ಸ್ಲ್ಯಾಬ್ ಗಟ್ಟಿ ಇದ್ದರೂ ಇಳಿಯುತ್ತದೆ. ನಾನು ಎರಡು ಪದರ ರಬ್ಬರ್ ಹಾಕಿ, ಮೇಲೆ 19 ಎಂಎಂ ಪ್ಲೈವುಡ್ ಕೂರಿಸಿದ್ದೇನೆ. 6,800 ಆಯಿತು. ಸದ್ದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಸುರತ್ಕಲ್:
ಬೆಂಗಳೂರಿನವರಿಗೆ ತುಕ್ಕಿನ ಕಷ್ಟ ಗೊತ್ತಿಲ್ಲ ಮಾರಾಯ್ರೆ. ಜೂನ್ ಬಂತೆಂದರೆ ಕ್ರೋಮ್ ಹಿಡಿಯ ಗೆರೆಗಳ ನಡುವೆ ಕಂದು ಚುಕ್ಕಿ ಏಳುತ್ತದೆ. ಬಾಲ್ಕನಿಯಲ್ಲಿ ಬಿಟ್ಟ ಬಾರಿಗೆ ಪ್ಲೇಟು ಕಚ್ಚಿಕೊಂಡು, ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಲ್ಲಿ ಬಡಿದು ಬಿಡಿಸಿದ್ದೇನೆ. ಒಳಗಿನಿಂದ ತುಕ್ಕಿನ ಹೊಪ್ಪಳಿಕೆ ಉದುರಿತು. ಈಗ ವೈರ್ ಬ್ರಷ್, ಮೆಷಿನ್ ಎಣ್ಣೆ ಪಕ್ಕದಲ್ಲೇ ಇರುತ್ತವೆ. ಮಳೆಗಾಲಕ್ಕೆ ಮೊದಲು ಎಲ್ಲವೂ ಒಳಗೆ.

ಮೈಸೂರು:
ನಮ್ಮಜ್ಜ ಗರಡಿಯಲ್ಲಿ ಸಾಮು ಮಾಡಿದವರು. ದಂಡ, ಬಸ್ಕಿ, ಒಂದು ಮರದ ಗದೆ, ಅಷ್ಟೇ. ನಾನೂ ಅದನ್ನೇ ಮಾಡುತ್ತೇನೆ. ಗದೆ ಮಾಡಿಸಲು ಬಡಗಿಗೆ 900 ಕೊಟ್ಟೆ. ನಲವತ್ತು ಸಾವಿರ ಸುಮ್ನೆ ದಂಡ. ಹೆಂಗಸರಿಗೆ ಯೋಗ ಸಾಕು.

ರಾಜಾಜಿನಗರ:
ದಂಡದಲ್ಲಿ ತಳ್ಳುವ ಕೆಲಸವೇ ಜಾಸ್ತಿ, ಎಳೆಯುವುದು ಎಲ್ಲಿದೆ? ಗರಡಿಯಲ್ಲಿ ಹಗ್ಗ ಹತ್ತುತ್ತಿದ್ದರು, ಕೆಮ್ಮಣ್ಣು ಅಗೆಯುತ್ತಿದ್ದರು, ಜೋಡಿ ಹಿಡಿದು ಕುಸ್ತಿ ಮಾಡುತ್ತಿದ್ದರು. ಅದರಲ್ಲಿ ಅರ್ಧ ಬಿಟ್ಟು ಅರ್ಧ ಹೇಳಬೇಡಿ.

ಮೈಸೂರು:
ಗರಡಿ ಮೆಟ್ಟಿಲು ಹತ್ತದವರು ನನಗೆ ಪಾಠ ಹೇಳುವುದು ಬೇಡ.

ಬನಶಂಕರಿ:
ಹೆಂಗಸರಿಗೆ ಯೋಗ ಸಾಕು ಅಂದವರೇ, ನಿಮ್ಮ ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಎತ್ತಿ ಮಗುಚುವುದು ಯಾರು? ನಮ್ಮನೆಯಲ್ಲಿ ನಾನು. ಹೆರಿಗೆಯಾದ ಮೇಲೆ ಬೆನ್ನು ನೋವಿಗೆ ಫಿಸಿಯೋ ಹೇಳಿದ್ದೇ ಭಾರ ಎತ್ತಿ ಅಂತ. ಡಯಲ್ ತಿರುಗಿಸುವ ಡಂಬೆಲ್ ಜೋಡಿ ತಗೊಂಡೆ, 2.5ರಿಂದ 24 ಕೆಜಿವರೆಗೆ. ಸೆಕೆಂಡ್‌ಹ್ಯಾಂಡ್, 14,000. ನನಗೂ ನನ್ನ ಗಂಡನಿಗೂ ಅದೇ ಸಾಕಾಗಿದೆ, ಮಂಚದ ಕೆಳಗೆ ಹೋಗುತ್ತದೆ. ಆದರೆ ಒಂದು ಸಲವೂ ಬೀಳಿಸುವ ಹಾಗಿಲ್ಲ. ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದು ರಿಪೇರಿಗೆ 1,900 ಆಯಿತು, ಪಾರ್ಟ್ ಬರುವವರೆಗೆ ಒಂದೇ ಕೈಗೆ ಡಂಬೆಲ್.

ವಿದ್ಯಾರಣ್ಯಪುರ:
ಎಲ್ಲರಿಗೂ ಥ್ಯಾಂಕ್ಸ್. ಬನಶಂಕರಿಯವರು ಹೇಳಿದ್ದು ನಮಗೆ ಹೊಂದುತ್ತದೆ. ಇನ್ನೊಂದು ಪ್ರಶ್ನೆ: ಡ್ರಿಲ್ ಇಲ್ಲದೆ ಬಾಗಿಲಿಗೆ ಪುಲ್‌ಅಪ್ ಬಾರ್ ನಿಲ್ಲುತ್ತದಾ?

ತುಮಕೂರು:
ಕೊಕ್ಕೆ ಹಾಕುವ ಮಾದರಿಗೆ ಬಾಗಿಲ ಮೇಲೆ ಹೊರಗೆ ಚಾಚಿದ ಗಟ್ಟಿ ಪಟ್ಟಿ ಬೇಕು. ನಮ್ಮ ಕಡೆ ಹೆಚ್ಚಿನ ಚೌಕಟ್ಟುಗಳು ಗೋಡೆಗೆ ಸಮವಾಗಿರುತ್ತವೆ, ಹಿಡಿತ ಸಿಗಲ್ಲ. ತಿರುಗಿಸಿ ಬಿಗಿ ಮಾಡುವುದು ಗಟ್ಟಿ ಮರದ ಚೌಕಟ್ಟಾದರೆ ನಡೆಯುತ್ತದೆ. ಟೊಳ್ಳು ಚೌಕಟ್ಟಿಗೆ ಖಂಡಿತ ಬೇಡ.

ನಾಗರಬಾವಿ:
ನಾನು ಅದನ್ನೂ ಹಾಕಿದ್ದೆ. ಚೌಕಟ್ಟಿನ ಪಾಲಿಷ್ ಮೇಲೆ ಎರಡು ಬಿಲ್ಲೆ ಗುರುತು ಬಿತ್ತು ಅಂತ ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ 4,000 ಹಿಡಿದರು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಬೇರೆ.

ಬಸವೇಶ್ವರನಗರ:
ಬಾಡಿಗೆಗೆ ಕೊಟ್ಟವರ ಕಷ್ಟವೂ ಇದೆ ಸ್ವಾಮಿ. ನಮ್ಮ ಇನ್ನೊಂದು ಮನೆಯಲ್ಲಿದ್ದ ಹುಡುಗರು ಡಂಬೆಲ್ ಬೀಳಿಸಿ ನಾಲ್ಕು ಟೈಲ್ ಒಡೆದರು. ಅದೇ ಡಿಸೈನ್ ಈಗ ಎಲ್ಲೂ ಸಿಗುತ್ತಿಲ್ಲ. ಹಾಲ್ ಪೂರ್ತಿ ಕೀಳಿಸಬೇಕಾಯಿತು.

ನಾಗರಬಾವಿ:
ಹುಡುಗರು ಒಡೆದರೆ ಹುಡುಗರ ಹತ್ತಿರ ವಸೂಲಿ ಮಾಡಿ. ಎರಡು ಬಿಲ್ಲೆ ಗುರುತಿಗೆ 4,000 ಯಾವ ನ್ಯಾಯ? ಪಾಲಿಷ್ ಮಾಡುವವರನ್ನು ನಾನೇ ಕರೆಸಿ ಕೇಳಿದ್ದೆ, 500 ಅಂದಿದ್ದರು.