ಬಿಳಿ ಲಂಗೋಟಿಗಳ ಹಳದಿ ಕಲೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು, 5 ತಿಂಗಳ ಮಗಳಿಗೆ ಹಳೆಯ ಪಂಚೆ ಹರಿದು ಹೊಲಿದ ಹತ್ತಿಯ ಲಂಗೋಟಿಗಳನ್ನೇ ಕಟ್ಟುತ್ತಿದ್ದೇವೆ. ಎದೆಹಾಲು ಕುಡಿಯುವ ಮಗುವಿನ ಮಲದ ಹಳದಿ ಕಲೆ, ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿ ಒದ್ದೆಯಿರುವಾಗಲೇ ಬಿಸಿಲಿಗೆ ಹರವಿದರೆ ಬಹುಮಟ್ಟಿಗೆ ಹೋಗುತ್ತದೆಂದು ಅತ್ತೆಯವರಿಂದ ಕಲಿತೆ. ಮೊದಮೊದಲು ಬಿಸಿನೀರು ಸುರಿದು ಕಲೆಯನ್ನು ಗಟ್ಟಿಮಾಡಿದ್ದು ನನ್ನದೇ ತಪ್ಪು. ಆದರೆ ಮಳೆ ಹಿಡಿದು 15 ದಿನಗಳಾದವು, ಬಿಸಿಲೇ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನಮ್ಮ ಬೋರ್‌ವೆಲ್ ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಜಿಗುಟು ಗಸಿಯಾಗಿ ಎಳೆಗಳಲ್ಲಿ ಕೂರುವುದರಿಂದ, ಬಟ್ಟೆಗಳು ಬೂದುಬಣ್ಣಕ್ಕೆ ತಿರುಗಿ, ಹಪ್ಪಳದಂತೆ ಬಿರುಸಾಗಿ, ಉಚ್ಚೆಯನ್ನೂ ಸರಿಯಾಗಿ ಹೀರುತ್ತಿಲ್ಲ. ಅಂಟುವಾಳದ ರಸದಲ್ಲಿ ನೆನೆಸಿದಾಗ ಗಸಿಯೇನೋ ಕೂರಲಿಲ್ಲ, ಆದರೆ ಮಾವನವರ ಬಿಳಿ ಪಂಚೆಗೆ ಕಾಯಿಯ ಕಂದು ಛಾಯೆ ಹತ್ತಿತು (ಅವರು ನೋಡಿದ್ದಾರೆ, ಇನ್ನೂ ಏನೂ ಹೇಳಿಲ್ಲ).

ಬ್ಲೀಚಿಂಗ್ ಪೌಡರ್ ಮಗುವಿನ ಬಟ್ಟೆಗೆ ಬೇಡವೆನಿಸಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯು ಕಲೆಯನ್ನು ಮರೆಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ. ಗಡಸು ನೀರಿಗೆ ವಾಷಿಂಗ್ ಸೋಡಾ ಬಳಸುವವರು ಒಂದು ಬಕೆಟ್ಟಿಗೆ ಎಷ್ಟು ಚಮಚ ಹಾಕುತ್ತೀರಿ, ಕೊನೆಯ ಜಾಲಿಕೆಗೆ ನಿಂಬೆರಸ ಸೇರಿಸುತ್ತೀರಾ, ಸೋಡಿಯಂ ಪರ್‌ಕಾರ್ಬೊನೇಟ್ (ಕ್ಲೋರಿನ್ ಇಲ್ಲದೆ ಕಲೆ ತೆಗೆಯುವ) ಪುಡಿ ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.