ಆಪ್ತಸಮಾಲೋಚನೆಗೆ ಹೋಗಲು ಎಂಥ ಕಾರಣವಿರಬೇಕು?

ಪ್ರಶ್ನೆ (ಶಿಡ್ಲಘಟ್ಟದಿಂದ)

ನಮ್ಮ ಅಣ್ಣ ರೇಷ್ಮೆ ರೀಲರ್, ಅಂದರೆ ರೇಷ್ಮೆಗೂಡು ಕೊಂಡು ನೂಲು ತೆಗೆಯುವವರು. ಗೂಡಿನ ದರದ ಏರಿಳಿತದಲ್ಲಿ ಸಾಲ ಬೆಳೆದ ಮೇಲೆ ಅವರಿಗೆ ನಿದ್ದೆಯಿಲ್ಲ, ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಇಸಿಜಿ, ಥೈರಾಯ್ಡ್ ಪರೀಕ್ಷೆಗಳಲ್ಲಿ ಏನೂ ಕಾಣದ್ದರಿಂದ ವೈದ್ಯರು ಆಪ್ತಸಮಾಲೋಚಕರನ್ನು ಕಾಣಲು ಹೇಳಿದರು. ಅತ್ತಿಗೆ ಒಪ್ಪಿದ್ದಾರೆ, ಅಪ್ಪ ಮಾತ್ರ "ಅವನಿಗೇನು ಹುಚ್ಚೇ?" ಎನ್ನುತ್ತಾರೆ. ಸಾಮಾನ್ಯವಾಗಿ ಜನರು ಯಾವ ಕಾರಣಗಳಿಗೆ ಹೋಗುತ್ತಾರೆ, ದಯವಿಟ್ಟು ತಿಳಿಸಿ.

ಉತ್ತರ (ಆಪ್ತಸಮಾಲೋಚಕಿ, ಚಿಕ್ಕಬಳ್ಳಾಪುರ)

ನಿಮ್ಮ ಅಣ್ಣನವರಿಗಿರುವ ತೊಂದರೆಗಳೇ ಬಹಳ ಜನರನ್ನು ನಮ್ಮ ಬಳಿಗೆ ಕರೆತರುತ್ತವೆ. ಬಂದವರಲ್ಲಿ ಅನೇಕರು ಮೊದಲು ಮನಸ್ಸಿನ ಮಾತೆತ್ತುವುದಿಲ್ಲ. ತಲೆನೋವು, ಹೊಟ್ಟೆಯುರಿ, ಸುಸ್ತು ಎಂದು ವೈದ್ಯರಿಂದ ವೈದ್ಯರಿಗೆ ಅಲೆದು, ಎಲ್ಲ ವರದಿಗಳೂ ಸರಿಯಿದ್ದಾಗ ಇನ್ನಷ್ಟು ಕಂಗಾಲಾಗಿ ಬರುತ್ತಾರೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದರೆ ಆ ನೋವು ಸುಳ್ಳೆಂದಲ್ಲ, ಆತಂಕದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹೆಚ್ಚಿದಾಗ ಎದೆಬಡಿತ ನಿಜವಾಗಿಯೇ ಏರುತ್ತದೆ. ಆಪ್ತರ ಸಾವು, ದಂಪತಿಗಳ ಮನಸ್ತಾಪ, ಕುಡಿತ, ಪರೀಕ್ಷೆಯ ಭಯ ಇವೂ ಸಾಮಾನ್ಯ ಕಾರಣಗಳೇ. ಬೇಸರ ಅಥವಾ ನಿರಾಸಕ್ತಿ ಎರಡು ವಾರ ಬಿಡದೆ ಉಳಿದು ಕೆಲಸಕ್ಕೆ ಅಡ್ಡಿಯಾದರೆ ಖಿನ್ನತೆಯಿದೆಯೇ ಎಂದು ನೋಡಿಸಲೇಬೇಕು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು, ಆಲೋಚನೆ ಮತ್ತು ಮಲಗುವ ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನೇ ಶಿಫಾರಸು ಮಾಡಲಾಗುತ್ತದೆ. ಸಮಾಲೋಚನೆಯಿಂದ ಸಾಲ ತೀರುವುದಿಲ್ಲ, ನಿಜ. ಆದರೆ ನಿದ್ದೆಗೆಟ್ಟವರಿಗೆ ಬ್ಯಾಂಕಿನವರೊಡನೆ ಕಂತಿನ ಮಾತಾಡುವುದೂ ಕಷ್ಟವಾಗುತ್ತದೆ.

ಉತ್ತರ (ತುಮಕೂರಿನಿಂದ)

ಹೆರಿಗೆಯ ನಂತರ ಕಾರಣವಿಲ್ಲದೆ ಅಳು ಬರುತ್ತಿದ್ದಾಗ ನಾನು ಹೋಗಿದ್ದೆ. ಅಲ್ಲಿ ನನಗೆ ಯಾರೂ ಬುದ್ಧಿವಾದ ಹೇಳಲಿಲ್ಲ. ಸಾಧ್ಯವಾದರೆ ನಿಮ್ಮ ತಂದೆಯವರನ್ನೂ ಒಮ್ಮೆ ಜೊತೆಗೆ ಕರೆದೊಯ್ಯಿರಿ.

ಉತ್ತರ (ಕೋಲಾರದಿಂದ)

ಸಾಲವೂ ನಿದ್ದೆಗೇಡೂ ಸೇರಿರುವುದರಿಂದ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬದುಕು ಸಾಕೆನಿಸಿದೆಯೇ ಎಂದು ಅಣ್ಣನವರನ್ನು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಆಲೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕವನ್ನು ಕೈಗೆ ಸಿಗದಂತೆ ತೆಗೆದಿಟ್ಟು, ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಊರಿಗೆಲ್ಲ ತಿಳಿದೀತೆಂಬ ಅಂಜಿಕೆ ನಿಮ್ಮ ತಂದೆಯವರಿಗಿದ್ದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನು ರೋಗಿಗೆ ಕೊಟ್ಟಿದೆಯೆಂದು ತಿಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ರಾತ್ರಿಯೇ ಅಣ್ಣನ ಬಳಿ ಕುಳಿತು ಕೇಳುತ್ತೇನೆ. ಅಪ್ಪನೊಡನೆ ಅತ್ತಿಗೆ ಮಾತಾಡುತ್ತಾರೆ.