ಸಹಾಯ ಬೇಕು: ಗ್ರಾಹಕರ ಕೇಸ್ ಸ್ಟಡಿಯಿಂದ ಬ್ಯಾಕ್‌ಲಿಂಕ್ ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಗ್ರಾಹಕರ ಒಪ್ಪಿಗೆ ಪಡೆದು, ಒಂದು ಕೆಲಸಕ್ಕೆ ಅವರಿಗೆ ಮೊದಲು ಎಷ್ಟು ಸಮಯ ಹಿಡಿಯುತ್ತಿತ್ತು, ಈಗ ಎಷ್ಟು ಅನ್ನುವ ಲೆಕ್ಕದ ಸಮೇತ ಕೇಸ್ ಸ್ಟಡಿ ಬರೆದು ವೆಬ್‌ಸೈಟಿಗೆ ಹಾಕಿದ್ದೇವೆ. ಓದಿದವರು ಮೆಚ್ಚುತ್ತಾರೆ. ಬ್ಯಾಕ್‌ಲಿಂಕ್, ಅಂದರೆ ತಮ್ಮ ಸೈಟಿನಿಂದ ನಮ್ಮ ಸೈಟಿಗೆ ಲಿಂಕ್, ಮಾತ್ರ ಯಾರೂ ಕೊಡುತ್ತಿಲ್ಲ.

ಆ ಗ್ರಾಹಕರ ಸೈಟಿನಿಂದಲೇ ಒಂದು ಲಿಂಕ್ ಕೇಳುವುದು ಹೇಗೆ? ಬದಲಿಗೆ ರಿಯಾಯಿತಿ ಕೊಡೋಣ ಅಂದರು ಜೊತೆಯವರು, ನಾನು ಬೇಡ ಅಂದೆ. ರ್‍ಯಾಂಕಿಂಗ್‌ಗಾಗಿ (ಅಂದರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು) ದುಡ್ಡೋ ವಸ್ತುವೋ ಕೊಟ್ಟು ಪಡೆದ ಲಿಂಕ್ ಗೂಗಲ್ ನಿಯಮದ ಪ್ರಕಾರ ಸ್ಪ್ಯಾಮ್, ಅಂಥದ್ದಕ್ಕೆ 2019ರಲ್ಲಿ ತಂದ ‘ಸ್ಪಾನ್ಸರ್ಡ್’ (ಇದು ಪ್ರತಿಫಲ ಕೊಟ್ಟು ಪಡೆದ ಲಿಂಕ್ ಅನ್ನುವ) ಗುರುತನ್ನೋ ಹಳೆಯ ‘ನೋಫಾಲೋ’ (ಈ ಲಿಂಕನ್ನು ನಾವು ಶಿಫಾರಸು ಮಾಡುತ್ತಿಲ್ಲ ಅನ್ನುವ) ಗುರುತನ್ನೋ ಲಿಂಕ್‌ನ ಕೋಡ್‌ನಲ್ಲಿ ಹಾಕಬೇಕು, ಹಾಕಿದ ಮೇಲೆ ನಮಗೆ ಬೇಕಾದ ಲಾಭ ಸಿಗುವುದಿಲ್ಲ ಅಲ್ವಾ? ನೀನು ನನಗೆ, ನಾನು ನಿನಗೆ ಅನ್ನುವ ಲಿಂಕ್ ವಿನಿಮಯವೂ ಜಾಸ್ತಿಯಾದರೆ ಅದೇ ಕಥೆ.

ಇನ್ನೊಂದು ದಾರಿ ಇದೆ. ನಾವು ಬಳಸುವ ಟೂಲ್‌ಗಳ ಕಂಪನಿಗಳಿಗೆ ನಮ್ಮ ಅನುಭವ ಕೊಟ್ಟು, ಅವರ ಕೇಸ್ ಸ್ಟಡಿಯಲ್ಲಿ ನಾವೇ ಗ್ರಾಹಕರಾಗಿ ಬರುವುದು. ಅವರಿಗೂ ಅದು ಬೇಕಾದದ್ದೇ, ಹಾಗಾಗಿ ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ. ಹೀಗೆ ಮಾಡಿದವರು ಇದ್ದೀರಾ? ಮೊದಲ ಮೇಲ್ ಮಾರ್ಕೆಟಿಂಗ್‌ನವರಿಗೆ ಕಳಿಸಬೇಕಾ, ಸಪೋರ್ಟ್‌ನವರಿಗಾ? ಅಂಕಿಅಂಶ ಅದರಲ್ಲೇ ಹಾಕಬೇಕಾ? ನೀವು ಕಳಿಸಿದ ಮೇಲ್‌ನ ಮಾದರಿ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.